ಬೀಡಿ ಬಿಡಿಸಲು ಬಂದ ‘ವೇಪ್’: ದಿನಾ ಬಳಸಬಹುದೇ?

ಕಳೆದ ಅಡಿಕೆ ಕೊಯ್ಲಿನ ಸಮಯದಲ್ಲಿ ತೀರ್ಥಹಳ್ಳಿ ತಾಲೂಕಿನ ಒಂದು ಸ್ವಸಹಾಯ ಸಂಘದ ಸಭೆಗೆ ನಾವು ಹೋಗಿದ್ದೆವು. ಉಳಿತಾಯದ ಹಣ ಎಣಿಸಿ, ಪುಸ್ತಕ ಬರೆದು ಮುಗಿಸಿದ ಮೇಲೆ ಸದಸ್ಯೆಯೊಬ್ಬರು ಸೆರಗಿನ ತುದಿಯಲ್ಲಿ ಕಟ್ಟಿಕೊಂಡು ಬಂದಿದ್ದ ಒಂದು ವಸ್ತುವನ್ನು ಬಿಚ್ಚಿ ಚಾಪೆಯ ಮೇಲೆ ಇಟ್ಟರು. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದು, ನೀಲಿ ಬಣ್ಣ, ಒಂದು ತುದಿಯಲ್ಲಿ ಪೀಪಿಯಂಥ ಬಾಯಿ, ಇನ್ನೊಂದು ತುದಿಯಲ್ಲಿ ಮೊಬೈಲಿಗೆ ಇರುವಂಥದೇ ಚಾರ್ಜಿಂಗ್ ತೂತು. ಮೂಗಿನ ಹತ್ತಿರ ಹಿಡಿದರೆ ಮಾವಿನಹಣ್ಣಿನ ವಾಸನೆ.

“ಇದು ಎಂತದು ಅಂತ ಹೇಳಿ ಅಕ್ಕಾ. ಬೆಂಗಳೂರಿಂದ ಮಗ ತಂದದ್ದು. ಅಪ್ಪಯ್ಯ ಬೀಡಿ ಬಿಟ್ಟು ಇದನ್ನ ಸೇದಲಿ, ಇದ್ರಲ್ಲಿ ಹೊಗೆ ಇಲ್ಲ, ಬರೀ ಹಬೆ ಅಂತಾನೆ. ಇವರಿಗೆ ದಿನಕ್ಕೆ ಒಂದು ಕಟ್ಟು ಬೀಡಿ ಬೇಕು. ರಾತ್ರಿ ಇಡೀ ಕೆಮ್ಮು. ಕೊಡ್ಲೋ ಬೇಡ್ವೋ?”

ಅಂದು ನಮ್ಮ ಕೈಯಲ್ಲಿ ಉತ್ತರ ಇರಲಿಲ್ಲ. ‘ಅಯ್ಯೋ, ಬಿಸಾಕಿ ಅದನ್ನ’ ಎಂದು ಹೇಳಿ ಎದ್ದು ಬರಬಹುದಿತ್ತು. ಆದರೆ ಆ ತಾಯಿ ಕೇಳಿದ್ದು ಉಪದೇಶವನ್ನಲ್ಲ. ಆದುದರಿಂದ ವೈದ್ಯರನ್ನು ಕೇಳಿ, ಕಾನೂನು ಓದಿ, ನಮಗೆ ತಿಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇವೆ. ಸಾಗರ, ಹೊಸನಗರದ ಸಂಘಗಳಲ್ಲಿಯೂ ಇದೇ ಪ್ರಶ್ನೆ ಬಂದಿರುವುದರಿಂದ ಎಲ್ಲರಿಗೂ ಉಪಯೋಗವಾದೀತು.

ಒಳಗೆ ಏನಿದೆ?

ಅದನ್ನು ನಾವು ಬಿಚ್ಚಿ ನೋಡಲಿಲ್ಲ. ನೀವೂ ಬಿಚ್ಚಬೇಡಿ, ಒಳಗೆ ಇರುವುದು ಲಿಥಿಯಂ ಬ್ಯಾಟರಿ. ಬ್ಯಾಟರಿಯ ಪಕ್ಕದಲ್ಲಿ ದ್ರವದಲ್ಲಿ ನೆನೆದ ಹತ್ತಿ ಇರುತ್ತದೆ, ಹತ್ತಿಯ ನಡುವೆ ಕೂದಲೆಳೆಯಂಥ ಲೋಹದ ತಂತಿಯ ಸುರುಳಿ. ಬಾಯಿಟ್ಟು ಎಳೆದ ಕೂಡಲೇ ಗಾಳಿ ಒಳಬಂದದ್ದು ಯಂತ್ರಕ್ಕೆ ಗೊತ್ತಾಗಿ ತಂತಿ ಕಾಯುತ್ತದೆ, ದ್ರವ ಆವಿಯಾಗುತ್ತದೆ. ಆ ದ್ರವದಲ್ಲಿ ಗ್ಲಿಸರಿನ್, ಪ್ರೊಪಿಲೀನ್ ಗ್ಲೈಕಾಲ್ ಎಂಬ ಎರಡು ದ್ರಾವಣಗಳು, ಹಣ್ಣಿನದೋ ಪುದೀನದ್ದೋ ಪರಿಮಳ ಮತ್ತು ನಿಕೋಟಿನ್ ಇರುತ್ತವೆ. ಬೀಡಿಯನ್ನು ಮತ್ತೆ ಮತ್ತೆ ಕೇಳುವಂತೆ ಮಾಡುವುದೂ ಇದೇ ನಿಕೋಟಿನ್.

ಇದನ್ನು ‘ಚಾರ್ಜ್ ಮಾಡಬಹುದಾದ ಡಿಸ್ಪೋಸಬಲ್’ ಅನ್ನುತ್ತಾರೆ. ಹೆಸರೇ ಒಂಥರಾ ವಿಚಿತ್ರ. ಮೊದಲು ಬಂದ ಬಿಸಾಡುವ ವೇಪ್‌ಗಳಲ್ಲಿ ದ್ರವ ಕಡಿಮೆ ಇತ್ತು, ಬ್ಯಾಟರಿ ಮುಗಿಯುವ ಹೊತ್ತಿಗೆ ದ್ರವವೂ ಮುಗಿಯುತ್ತಿತ್ತು. ಆಮೇಲೆ ತಯಾರಕರು ದ್ರವವನ್ನು ಹೆಚ್ಚಿಸಿದರು. ಒಂದು ಚಾರ್ಜಿಗೆ ಅಷ್ಟೂ ಮುಗಿಯುವುದಿಲ್ಲವಾದ್ದರಿಂದ ಚಾರ್ಜಿಂಗ್ ತೂತು ಕೊಟ್ಟರು. ದ್ರವ ಮಾತ್ರ ಮತ್ತೆ ತುಂಬಿಸುವ ಹಾಗಿಲ್ಲ. ಅದು ಮುಗಿದ ದಿನ ಚೆನ್ನಾಗಿರುವ ಬ್ಯಾಟರಿಯ ಸಮೇತ ಇಡೀ ಡಬ್ಬಿ ಕಸ.

ಮಗ ಹೇಳಿದ್ದು ಪೂರ್ತಿ ಸುಳ್ಳೇ?

ಅಲ್ಲ. ಇದನ್ನು ನೇರವಾಗಿ ಒಪ್ಪಿಕೊಳ್ಳಬೇಕು. ನಮ್ಮ ಮಲೆನಾಡಿನವರಿಗೆ ಸುಡುವುದಕ್ಕೂ ಬೇಯಿಸುವುದಕ್ಕೂ ಇರುವ ವ್ಯತ್ಯಾಸ ಹೇಳಿಕೊಡಬೇಕಾಗಿಲ್ಲ. ಹಂಡೆಯಲ್ಲಿ ಅಡಿಕೆ ಬೇಯುವಾಗ ಮೇಲೇಳುವುದು ಹಬೆ, ಕೆಳಗೆ ಒಲೆಯಲ್ಲಿ ಕಟ್ಟಿಗೆ ಉರಿದು ಬರುವುದು ಹೊಗೆ. ಹಬೆಯ ಮುಂದೆ ನಿಂತವರಿಗೆ ಬೆವರು ಬರುತ್ತದೆ, ಹೊಗೆಯ ಮುಂದೆ ನಿಂತವರಿಗೆ ಕಣ್ಣೀರು. ಬೀಡಿಯಲ್ಲಿ ಎಲೆ, ತಂಬಾಕು ಎರಡೂ ಉರಿಯುತ್ತವೆ. ಹೀಗೆ ಉರಿಯುವಾಗ ಹುಟ್ಟುವ ಟಾರ್ ಶ್ವಾಸಕೋಶಕ್ಕೆ ಅಂಟುತ್ತದೆ, ಕಾರ್ಬನ್ ಮೊನಾಕ್ಸೈಡ್ ರಕ್ತಕ್ಕೆ ಸೇರುತ್ತದೆ. ವೇಪ್‌ನಲ್ಲಿ ಉರಿ ಇಲ್ಲದ ಕಾರಣ ಇವೆರಡರ ಕಾಟ ಬಹುಮಟ್ಟಿಗೆ ಇಲ್ಲ.

ಈಗಿನ ರೂಪದ ವೇಪನ್ನು 2003ರಲ್ಲಿ ಕಂಡುಹಿಡಿದ ಚೀನಾದ ಔಷಧ ತಜ್ಞ ಹೊನ್ ಲಿಕ್ ಸ್ವತಃ ವಿಪರೀತ ಸಿಗರೇಟು ಸೇದುತ್ತಿದ್ದವರು. ಅವರ ತಂದೆ ಶ್ವಾಸಕೋಶದ ಕ್ಯಾನ್ಸರಿನಿಂದ ತೀರಿಕೊಂಡರು. ಅಂದರೆ ಇದು ಸಿಗರೇಟು ಬಿಡುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಹುಟ್ಟಿದ ಸಾಧನ. ಹಲವು ದೇಶಗಳ ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡುವ ಕಾಕ್ರೇನ್ ಸಂಸ್ಥೆಯ ವರದಿಗಳೂ, ನಿಕೋಟಿನ್ ಗಮ್ ಅಥವಾ ಪಟ್ಟಿ ಬಳಸಿದವರಿಗಿಂತ ನಿಕೋಟಿನ್ ವೇಪ್ ಬಳಸಿದವರಲ್ಲಿ ಹೆಚ್ಚು ಜನ ಸಿಗರೇಟು ಬಿಟ್ಟರು ಎನ್ನುತ್ತವೆ. ಇಂಗ್ಲೆಂಡಿನ ಸರ್ಕಾರ 2023ರಲ್ಲಿ ಹತ್ತು ಲಕ್ಷ ಧೂಮಪಾನಿಗಳಿಗೆ ವೇಪ್ ಕೊಡುವ ಯೋಜನೆಯನ್ನೇ ಪ್ರಕಟಿಸಿತು. ಮಗ ಇಂಥದ್ದನ್ನು ಎಲ್ಲೋ ಕೇಳಿದ್ದಾನೆ, ಅಪ್ಪನ ಮೇಲಿನ ಅಕ್ಕರೆಯಿಂದ ತಂದಿದ್ದಾನೆ. ಅವನನ್ನು ಬೈಯಬೇಡಿ ಎಂದು ಆ ತಾಯಿಗೆ ನಾವು ಮೊದಲು ಹೇಳಿದ್ದು ಇದನ್ನೇ.

ಆದರೆ ಅಲ್ಲಿ ಒಂದು ಮಿಲಿಲೀಟರ್ ದ್ರವದಲ್ಲಿ 20 ಮಿಲಿಗ್ರಾಂಗಿಂತ ಹೆಚ್ಚು ನಿಕೋಟಿನ್ ಇರಕೂಡದು ಎಂಬ ಕಾಯ್ದೆ ಇದೆ. ಒಳಗೆ ಏನೇನು ಹಾಕಿದ್ದೇವೆ ಎಂದು ತಯಾರಕ ಸರ್ಕಾರಕ್ಕೆ ಲೆಕ್ಕ ಒಪ್ಪಿಸಬೇಕು. ಸೇದುವವರು ಸಿಗರೇಟನ್ನು ಪೂರ್ತಿ ಬಿಡಬೇಕು, ಆಮೇಲೆ ವೇಪನ್ನೂ ಬಿಡಬೇಕು, ಅದಕ್ಕೆ ಸಲಹೆ ಕೊಡುವವರೂ ಇರುತ್ತಾರೆ. ನಮ್ಮ ಚಾಪೆಯ ಮೇಲೆ ಕುಳಿತಿದ್ದ ನೀಲಿ ಡಬ್ಬಿಗೆ ಈ ಯಾವ ಹಿನ್ನೆಲೆಯೂ ಇರಲಿಲ್ಲ. ತಯಾರಕರ ವಿಳಾಸ ಇಲ್ಲ, ಬಿಲ್ ಇಲ್ಲ. ‘5%’ ಎಂಬ ಒಂದು ಅಂಕಿ ಇತ್ತು, ಅಷ್ಟೆ.

ಐದು ಪರ್ಸೆಂಟ್ ಅಂದ್ರೆ ಎಷ್ಟು?

ಐದು ಅಂದರೆ ಕಡಿಮೆ ಅಂತ ಕಾಣುತ್ತದೆ. ಲೆಕ್ಕ ಹಾಕಿ ನೋಡೋಣ. 5% ಎಂದರೆ ಒಂದು ಮಿಲಿಲೀಟರ್‌ಗೆ 50 ಮಿಲಿಗ್ರಾಂ. ಡಬ್ಬಿಯಲ್ಲಿ 10 ಮಿಲಿಲೀಟರ್ ದ್ರವ ಇದ್ದರೆ ಒಟ್ಟು 500 ಮಿಲಿಗ್ರಾಂ ನಿಕೋಟಿನ್. ಒಂದು ಸಿಗರೇಟು ಸೇದಿದಾಗ ದೇಹಕ್ಕೆ ಸೇರುವುದು ಸುಮಾರು 1ರಿಂದ 2 ಮಿಲಿಗ್ರಾಂ. ಡಬ್ಬಿಯಲ್ಲಿದ್ದದ್ದೆಲ್ಲ ದೇಹಕ್ಕೆ ಸೇರುವುದಿಲ್ಲ ನಿಜ, ಆದರೂ ಎಷ್ಟು ದೊಡ್ಡ ದಾಸ್ತಾನು ಎಂದು ಅಂದಾಜು ಸಿಗುತ್ತದೆ.

ಬೀಡಿಗೆ ಒಂದು ಕೊನೆ ಇದೆ. ಬೆರಳು ಸುಟ್ಟಾಗ ಬಿಸಾಡುತ್ತೇವೆ, ಕಟ್ಟು ಖಾಲಿಯಾದಾಗ ಅಂಗಡಿಗೆ ನಡೆಯಬೇಕು, ಮಳೆ ಹೊಡೆದರೆ ಆ ನಡಿಗೆಯೂ ಬೇಡ ಅನ್ನಿಸುತ್ತದೆ. ವೇಪ್‌ಗೆ ಅಂಥ ತಡೆ ಇಲ್ಲ. ಹಾಸಿಗೆಯಲ್ಲಿ, ಬಸ್ಸಿನಲ್ಲಿ, ಟಿ.ವಿ. ನೋಡುತ್ತಾ, ಯಾರಿಗೂ ವಾಸನೆ ಬಾರದಂತೆ ಎಳೆಯಬಹುದು. ಬೀಡಿಯ ಘಾಟು ಗಂಟಲು ಹಿಡಿದು ‘ಸಾಕು’ ಅನ್ನುತ್ತದೆ. ಈ ದ್ರವಗಳಲ್ಲಿ ನಿಕೋಟಿನನ್ನು ಆಮ್ಲದೊಂದಿಗೆ ಬೆರೆಸಿ ಲವಣ ರೂಪದಲ್ಲಿ ಹಾಕುವುದರಿಂದ ಘಾಟು ಗೊತ್ತಾಗುವುದಿಲ್ಲ, ಎಷ್ಟು ಎಳೆದರೂ ಗಂಟಲಿಗೆ ನಯ. ಪೊಟ್ಟಣದ ಮೇಲೆ ಇಷ್ಟು ಸಾವಿರ ಎಳೆತ ಎಂದು ಬರೆದಿರುವುದನ್ನೂ ನಂಬಬೇಡಿ. ಜೋರಾಗಿ ಎಳೆಯುವವರಿಗೆ ಅದು ಬೇಗ ಮುಗಿಯುತ್ತದೆ.

ದಿನಾ ಬಳಸಿದರೆ ಇನ್ನೊಂದು ತೊಂದರೆ. ದ್ರವ ಮುಗಿಯುತ್ತಾ ಬಂದಾಗ ಹತ್ತಿ ಒಣಗಿ ಸೀಯುತ್ತದೆ. ಆಗ ಸುಟ್ಟ ರುಚಿ ಬರುತ್ತದೆ, ಫಾರ್ಮಾಲ್ಡಿಹೈಡ್‌ನಂಥ ವಿಷವಸ್ತುಗಳೂ ಹೆಚ್ಚುತ್ತವೆ. ದುಡ್ಡು ಕೊಟ್ಟದ್ದಲ್ವಾ ಅಂತ ಜನ ಅದನ್ನೂ ಎಳೆಯುತ್ತಾರೆ. ತಂತಿ ಮತ್ತು ಇತರ ಲೋಹದ ಭಾಗಗಳಿಂದ ನಿಕ್ಕಲ್, ಕ್ರೋಮಿಯಂ, ಸೀಸ ಆವಿಗೆ ಸೇರುವುದನ್ನು ಪ್ರಯೋಗಾಲಯಗಳು ಕಂಡಿವೆ. ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಸಂಸ್ಥೆಯವರು 2025ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ಬಿಸಾಡುವ ವೇಪ್‌ಗಳ ಪೈಕಿ ಒಂದು, ಒಂದು ದಿನದ ಬಳಕೆಯಲ್ಲಿ ಸುಮಾರು 20 ಪ್ಯಾಕ್ ಸಿಗರೇಟಿಗಿಂತ ಹೆಚ್ಚು ಸೀಸ ಹೊರಬಿಟ್ಟಿತು. ಎಲ್ಲವೂ ಹಾಗೆ ಇರುತ್ತವೆ ಎಂದಲ್ಲ. ಕೈಯಲ್ಲಿರುವುದು ಯಾವ ಜಾತಿಯದು ಎಂದು ಹೇಳುವವರು ಇಲ್ಲಿ ಯಾರೂ ಇಲ್ಲ, ತೊಂದರೆ ಅದು.

ಕಾನೂನಿನ ಮಾತು

ಕರ್ನಾಟಕ ಸರ್ಕಾರ 2016ರಲ್ಲೇ ಇ-ಸಿಗರೇಟನ್ನು ನಿಷೇಧಿಸಿತ್ತು. ಕೇಂದ್ರ ಸರ್ಕಾರ 2019ರ ಸೆಪ್ಟೆಂಬರ್ 18ರಂದು ಸುಗ್ರೀವಾಜ್ಞೆ ಹೊರಡಿಸಿತು, ಅದೇ ವರ್ಷ ಡಿಸೆಂಬರಿನಲ್ಲಿ ಕಾಯ್ದೆಯಾಯಿತು. ತಯಾರಿಕೆ, ಆಮದು, ಸಾಗಣೆ, ಮಾರಾಟ, ಹಂಚಿಕೆ, ಜಾಹೀರಾತು ಎಲ್ಲವೂ ಅಪರಾಧ. ಮೊದಲ ಸಲಕ್ಕೆ ಒಂದು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ. ಮತ್ತೆ ಸಿಕ್ಕಿಬಿದ್ದರೆ ಮೂರು ವರ್ಷದವರೆಗೆ ಜೈಲು, ಐದು ಲಕ್ಷದವರೆಗೆ ದಂಡ. ದಾಸ್ತಾನು ಇಟ್ಟರೂ ಆರು ತಿಂಗಳವರೆಗೆ ಜೈಲು ಅಥವಾ 50,000 ರೂಪಾಯಿವರೆಗೆ ದಂಡ ಅಥವಾ ಎರಡೂ. ‘ದೊಡ್ಡವರು ಸೇದಿದರೆ ಏನು?’ ಎಂದು ಕೆಲವರು ಕೇಳುತ್ತಾರೆ. ಸಿಗರೇಟು ಕೊಳ್ಳಲು ಕರ್ನಾಟಕದಲ್ಲಿ 2025ರಿಂದ 21 ವರ್ಷ ಆಗಿರಬೇಕು. ವೇಪನ್ನು 60 ವರ್ಷದವರಿಗೂ ಮಾರುವಂತಿಲ್ಲ. ಊರಿನ ಗೆಳೆಯರಿಗೆಂದು ಬೆಂಗಳೂರಿನಿಂದ ನಾಲ್ಕೈದು ತರಿಸಿ ಹಂಚುವ ಹುಡುಗರು ಇದನ್ನು ತಿಳಿದಿರಲಿ.

ನಿಷೇಧ ಮಾಡಿದ ಕೂಡಲೇ ವಸ್ತು ಮಾಯವಾಗುತ್ತದೆ ಎಂದು ನಾವೇನೂ ನಂಬಿಲ್ಲ. 2013ರಲ್ಲಿ ರಾಜ್ಯದಲ್ಲಿ ಗುಟ್ಕಾ ನಿಷೇಧವಾದಾಗ ಅಡಿಕೆ ಧಾರಣೆ ಏನಾಗುವುದೋ ಎಂದು ಈ ಮೂರು ತಾಲೂಕುಗಳು ಹೆದರಿದ್ದವು. ಆಮೇಲೆ ಪಾನ್ ಮಸಾಲೆ ಒಂದು ಚೀಟಿ, ತಂಬಾಕು ಇನ್ನೊಂದು ಚೀಟಿಯಾಗಿ ಅಂಗಡಿಗಳಲ್ಲಿ ತೂಗಾಡಿದ್ದನ್ನು ಕಂಡವರು ನಾವು. ಅಡಿಕೆಯನ್ನೇ ಕ್ಯಾನ್ಸರ್‌ಕಾರಕ ಎಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ ತಜ್ಞರು 2003ರಲ್ಲಿ ಪಟ್ಟಿಗೆ ಸೇರಿಸಿದ್ದಾರೆ. ಹೀಗಿರುವಾಗ ಅಡಿಕೆಯಲ್ಲೇ ಅನ್ನ ಕಾಣುವ ನಾವು ಇನ್ನೊಬ್ಬರ ಚಟದ ಬಗ್ಗೆ ಬೆರಳು ತೋರುವಾಗ ಸ್ವಲ್ಪ ಅಳುಕು ಇದ್ದೇ ಇದೆ. ಆದರೂ ಒಂದು ಮಾತು: ಕದ್ದು ಬರುವ ಮಾಲಿಗೆ ಅಳತೆ, ಪರೀಕ್ಷೆ, ಜವಾಬ್ದಾರಿ ಯಾವುದೂ ಇರುವುದಿಲ್ಲ. ಗೊಬ್ಬರದ ಚೀಲ ತರುವಾಗಲೂ ನಾವು ಮೇಲಿನ ಬರಹ ಓದುತ್ತೇವೆ.

ಬಚ್ಚಲ ಒಲೆಗೆ ಹಾಕಬೇಡಿ

ನಮ್ಮ ಕಡೆ ಮನೆಯ ಕಸ ಬಚ್ಚಲ ಒಲೆಗೆ ಹೋಗುವುದು ವಾಡಿಕೆ. ಮುಗಿದ ವೇಪ್ ಒಲೆಗೆ ಬಿದ್ದರೆ ಲಿಥಿಯಂ ಬ್ಯಾಟರಿ ಸಿಡಿಯುತ್ತದೆ. ನೀರು ಕಾಯಿಸಲು ಒಲೆ ಮುಂದೆ ಕೂರುವವರು ಯಾರು ಎಂದು ಯೋಚಿಸಿ. ಗೊಬ್ಬರದ ಗುಂಡಿಗೂ ತೋಟದ ಕಪ್ಪಿಗೂ ಎಸೆಯಬೇಡಿ. ದಿಂಬಿನ ಕೆಳಗೆ ಇಟ್ಟು ಚಾರ್ಜ್ ಮಾಡುವುದು, ಒದ್ದೆಯಾದದ್ದನ್ನು ಒರೆಸಿ ಚಾರ್ಜಿಗೆ ಹಾಕುವುದು ಇವೂ ಅಪಾಯ. ಎಲ್ಲಕ್ಕಿಂತ ಹೆಚ್ಚಿಗೆ ಮಕ್ಕಳು! ಮಾವಿನ ಪರಿಮಳ ಬರುವ ಡಬ್ಬಿಯನ್ನು ಮಗು ಬಾಯಿಗೆ ಇಡದೆ ಬಿಡುತ್ತದೆಯೇ? ಆ ದ್ರವ ಸ್ವಲ್ಪ ಒಳಗೆ ಹೋದರೂ ವಾಂತಿ, ಫಿಟ್ಸ್ ಬರಬಹುದು, ಜೀವಕ್ಕೂ ಅಪಾಯ. ವಾಂತಿ ಮಾಡಿಸುತ್ತಾ ಕೂರದೆ ಡಬ್ಬಿಯ ಸಮೇತ ಕೂಡಲೇ ಆಸ್ಪತ್ರೆಗೆ ಹೋಗಿ. ಬಿಸಾಡುವ ವೇಪ್‌ಗಳ ಮಾರಾಟವನ್ನು ಬ್ರಿಟನ್ ಕೂಡ 2025ರ ಜೂನ್ 1ರಿಂದ ನಿಲ್ಲಿಸಿದೆ, ಕಸ ಮತ್ತು ಮಕ್ಕಳು ಈ ಎರಡು ಕಾರಣಕ್ಕೆ. ಚಾರ್ಜ್ ಆದರೆ ಸಾಲದು, ದ್ರವವನ್ನೂ ಮತ್ತೆ ತುಂಬಿಸುವಂತಿರಬೇಕು ಎಂಬುದು ಅಲ್ಲಿನ ನಿಯಮ.

ಹಾಗಾದರೆ ಅಪ್ಪಯ್ಯನ ಬೀಡಿಗೆ ಏನು ದಾರಿ?

ಮೊದಲು ಕೆಮ್ಮು. ಎರಡು ವಾರ ದಾಟಿದ ಕೆಮ್ಮನ್ನು ‘ಬೀಡಿ ಕೆಮ್ಮು’ ಅಂತ ಬಿಡಬಾರದು. ತಾಲೂಕು ಆಸ್ಪತ್ರೆಯಲ್ಲಿ ಕಫ ಪರೀಕ್ಷೆ ಉಚಿತ, ಕ್ಷಯ ಇದೆಯೋ ಇಲ್ಲವೋ ಗೊತ್ತಾಗಲಿ.

ಬಿಡಲು ಸಹಾಯಕ್ಕೆ 1800-11-2356 ಎಂಬ ಸರ್ಕಾರದ ಉಚಿತ ದೂರವಾಣಿ ಇದೆ, ಕನ್ನಡದಲ್ಲಿ ಮಾತಾಡಬಹುದು. ಔಷಧಿ ಅಂಗಡಿಯಲ್ಲಿ 2 ಮಿಲಿಗ್ರಾಂನ ನಿಕೋಟಿನ್ ಗಮ್ ಸಿಗುತ್ತದೆ. ಇದರಲ್ಲೂ ನಿಕೋಟಿನ್ನೇ ಇರುವುದು, ಆದರೆ ಅಳತೆ ಮಾಡಿದ್ದು, ಹೊಗೆ ಇಲ್ಲದ್ದು, ಕ್ರಮೇಣ ಕಡಿಮೆ ಮಾಡಿ ನಿಲ್ಲಿಸುವುದಕ್ಕೆಂದೇ ಇರುವಂಥದು. ಅಗಿಯುವ ಕ್ರಮ ತಿಳಿಯದೆ ಹಲವರು ‘ಇದು ನಾಟುವುದಿಲ್ಲ’ ಎಂದು ಬಿಡುತ್ತಾರೆ. ಕವಳ ಹಾಕುವವರಿಗೆ ಇದು ಸುಲಭ. ನಿಧಾನ ನಾಲ್ಕೈದು ಸಲ ಅಗಿದು, ನಾಲಿಗೆ ಚುರುಗುಟ್ಟಿದಾಗ ಕವಳದಂತೆ ದವಡೆಗೆ ಒತ್ತಿಟ್ಟುಕೊಳ್ಳಬೇಕು. ಚುರುಗುಟ್ಟುವುದು ನಿಂತ ಮೇಲೆ ಮತ್ತೆ ಅಗಿಯಬೇಕು, ಹೀಗೆ ಅರ್ಧ ಗಂಟೆ. ಕಾಫಿ ಕುಡಿದ ಕೂಡಲೇ ಹಾಕಿದರೆ ಸರಿಯಾಗಿ ಹಿಡಿಯುವುದಿಲ್ಲ, ಕಾಲು ಗಂಟೆ ಬಿಡಿ. ಹೃದಯದ ಕಾಯಿಲೆ ಇರುವವರು, ಬಸುರಿಯರು ವೈದ್ಯರನ್ನು ಕೇಳದೆ ಹಾಕಬಾರದು. ಬೀಡಿ ಬಿಟ್ಟು ಕವಳಕ್ಕೆ ಹೊಗೆಸೊಪ್ಪು ಸೇರಿಸಿಕೊಳ್ಳುವುದು ಬಿಟ್ಟ ಹಾಗಲ್ಲ.

ಸೇದಬೇಕೆನ್ನುವ ತವಕ ಒಂದು ಸಲಕ್ಕೆ ಕೆಲವೇ ನಿಮಿಷ ಇರುತ್ತದೆ. ಮೊದಲ ಮೂರು ದಿನ ಹೆಚ್ಚು ಕಷ್ಟ, ಎರಡು ನಾಲ್ಕು ವಾರಗಳಲ್ಲಿ ಸಡಿಲವಾಗುತ್ತದೆ. ಆ ದಿನಗಳಲ್ಲಿ ಮನುಷ್ಯ ಸಿಡುಕುತ್ತಾನೆ, ಮನೆಯವರು ಸ್ವಲ್ಪ ತಾಳಿಕೊಳ್ಳಬೇಕಾಗುತ್ತದೆ.

ಇದನ್ನೆಲ್ಲ ಹೇಳಲು ಮುಂದಿನ ಸಲ ಹೋದಾಗ ಆ ತಾಯಿ ಇನ್ನೊಂದು ವಿಷಯ ಹೇಳಿದರು. ಅಪ್ಪಯ್ಯ ನಾಲ್ಕು ದಿನ ವೇಪ್ ಎಳೆದರಂತೆ, ಮನೆಯೊಳಗೆ ಅದು, ತೋಟದಲ್ಲಿ ಬೀಡಿ. ಬೀಡಿ ಬಿಡಲಿಲ್ಲ, ಎರಡೂ ಆಯಿತು. “ಅದಲ್ಲ ಅಕ್ಕಾ,” ಎಂದು ದನಿ ತಗ್ಗಿಸಿದರು. “ಮಗ ಬೀಡಿ ಸಿಗರೇಟು ಮುಟ್ಟಿದವನೇ ಅಲ್ಲ. ಹಬ್ಬಕ್ಕೆ ಬಂದಾಗ ನೋಡಿದೆ, ಬೆಳಿಗ್ಗೆ ಎದ್ದು ಮುಖ ತೊಳೆಯೋ ಮೊದಲೇ ಇದು ಬೇಕು. ಒಂದು ದಿವಸ ಚಾರ್ಜ್ ಇಲ್ಲ, ಕರೆಂಟೂ ಇಲ್ಲ. ಅವನ ಅವತಾರ ನೋಡಕ್ಕಾಗ್ಲಿಲ್ಲ.”

ನಾವು ಅದುವರೆಗೆ ಅಳೆದದ್ದೆಲ್ಲ ಬೀಡಿಯ ಪಕ್ಕದಲ್ಲಿಟ್ಟು. ಬೀಡಿಯೇ ಸೇದದ ಇಪ್ಪತ್ತನಾಲ್ಕರ ಹುಡುಗನ ವಿಷಯದಲ್ಲಿ ಆ ತಕ್ಕಡಿಗೆ ಅರ್ಥವೇ ಇಲ್ಲ, ಅವನಿಗೆ ಇದು ಯಾವುದಕ್ಕೂ ಬದಲಿಯಲ್ಲ, ಇದರಿಂದಲೇ ಆರಂಭ. ಮೇಲಿನ ಉಚಿತ ದೂರವಾಣಿ ಅವನಂಥವರಿಗೂ ಇದೆ. ಏಳನೇ ಕ್ಲಾಸಿನ ತಂಗಿಯ ಕೈಯಿಂದ ಆ ನಂಬರನ್ನು ಬರೆಸಿ ಅವನ ಮೊಬೈಲಿಗೆ ಕಳಿಸಿದ್ದಾರೆ.

ಅಪ್ಪಯ್ಯ ಈಗ ದಿನಕ್ಕೆ ಆರು ಬೀಡಿಗೆ ಇಳಿದಿದ್ದಾರೆ. ಕಫ ಪರೀಕ್ಷೆಯಲ್ಲಿ ಕ್ಷಯ ಕಾಣಲಿಲ್ಲ. ಮಗ ಫೋನಿನಲ್ಲಿ ‘ನೋಡೋಣ ಅಮ್ಮ’ ಎಂದಿದ್ದಾನಂತೆ. ನೀಲಿ ಡಬ್ಬಿಯನ್ನು ನಾವು ಕೇಳಿ ಪಡೆದು, ಮಕ್ಕಳ ಕೈಗೆ ಸಿಗದಂತೆ ನಮ್ಮ ಕಚೇರಿಯ ಬೀರುವಿನಲ್ಲಿ ಬೇರೆಯಾಗಿ ಇಟ್ಟಿದ್ದೇವೆ. ಶಿವಮೊಗ್ಗಕ್ಕೆ ಹಳೆಯ ಬ್ಯಾಟರಿಗಳನ್ನು ಕೊಟ್ಟುಬರಲು ಹೋಗುವಾಗ ಅದೂ ಹೋಗುತ್ತದೆ. ನಿಮ್ಮ ಮನೆಯಲ್ಲಿ ಇದ್ದರೂ ಸಭೆಗೆ ಬರುವಾಗ ತನ್ನಿ, ಯಾರದು ಎಂದು ಕೇಳುವುದಿಲ್ಲ.