ದೇಹದಾರ್ಢ್ಯ ಸ್ಪರ್ಧೆಯಲ್ಲಿ ತೀರ್ಪಿನ ಸ್ವರೂಪ

ಓಟದ ಪಂದ್ಯದಲ್ಲಿ ಗಡಿಯಾರವೂ ಭಾರ ಎತ್ತುವ ಪಂದ್ಯದಲ್ಲಿ ತೂಕವೂ ಗೆದ್ದವನನ್ನು ಗೊತ್ತುಮಾಡುತ್ತವೆ. ಅಲ್ಲಿ ವಿವಾದಕ್ಕೆ ಎಡೆ ಕಡಮೆ. ದೇಹದಾರ್ಢ್ಯ ಸ್ಪರ್ಧೆಯಲ್ಲಾದರೋ ನಿರ್ಣಯಿಸುವುದು ಮನುಷ್ಯನ ಕಣ್ಣು. ವರ್ಷಗಟ್ಟಲೆ ಬೆವರು ಸುರಿಸಿ ಅಂಗಸಾಧನೆ ಮಾಡಿದ ತರುಣನ ಸೋಲುಗೆಲವುಗಳು ಆ ಕಣ್ಣನ್ನೇ ಅವಲಂಬಿಸಿರುವುದರಿಂದ, ಅದರ ತೀರ್ಪು ಎಷ್ಟರಮಟ್ಟಿಗೆ ವಸ್ತುನಿಷ್ಠ, ಎಷ್ಟರಮಟ್ಟಿಗೆ ವ್ಯಕ್ತಿನಿಷ್ಠ ಎಂಬುದು ವಿಚಾರಾರ್ಹವಾಗಿದೆ.

ನೋಡುವವನು ಯಾರೇ ಆಗಲಿ, ವಸ್ತುವಿನ ಗುಣವನ್ನೇ ಆಧರಿಸಿದ ನಿರ್ಣಯವು ವಸ್ತುನಿಷ್ಠ. ನೋಡುವವನ ಅಭಿರುಚಿಯನ್ನು ಆಧರಿಸಿದುದು ವ್ಯಕ್ತಿನಿಷ್ಠ. ತೋಳಿನ ಸುತ್ತಳತೆಯನ್ನು ಅಳತೆಪಟ್ಟಿ ಹೇಳಬಲ್ಲದು. ಆ ತೋಳು ಭುಜಕ್ಕೂ ಎದೆಗೂ ತೊಡೆಗೂ ಹೊಂದಿಕೊಂಡಿದೆಯೇ ಎಂಬುದನ್ನು ಹೇಳಲಾರದು. ಈ ಹೊಂದಿಕೆಯು ಕ್ಷೇಮೇಂದ್ರನು ಕಾವ್ಯದಲ್ಲಿ ಔಚಿತ್ಯವೆಂದು ಕರೆದ ಗುಣಕ್ಕೆ ಸಮೀಪವಾದುದು.

1901ರ ಸೆಪ್ಟೆಂಬರ್ 14ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಯೂಜಿನ್ ಸ್ಯಾಂಡೋ ಏರ್ಪಡಿಸಿದ ಸ್ಪರ್ಧೆಯಲ್ಲಿಯೇ ಈ ವಿವೇಕವು ಕಾಣುತ್ತದೆ. ಸ್ನಾಯುಗಳ ಗಾತ್ರವೊಂದೇ ಸಾಲದು. ಬೆಳವಣಿಗೆಯ ಸಮತೋಲ, ಆರೋಗ್ಯ, ಚರ್ಮದ ಸ್ಥಿತಿ ಇವೂ ಗಣನೀಯವೆಂದು ಅಲ್ಲಿ ವಿಧಿಸಲಾಗಿತ್ತು. ಸ್ಯಾಂಡೋನೊಡನೆ ತೀರ್ಪುಗಾರರಾಗಿದ್ದವರು ಶಿಲ್ಪಿ ಸರ್ ಚಾರ್ಲ್ಸ್ ಲಾಸ್ ಮತ್ತು ವೈದ್ಯನೂ ಷರ್ಲಾಕ್ ಹೋಮ್ಸ್ ಕಥೆಗಳ ಕರ್ತೃವೂ ಆದ ಆರ್ಥರ್ ಕಾನನ್ ಡಾಯ್ಲ್. ಶಿಲ್ಪಿ, ವೈದ್ಯ, ಸಾಧಕ ಈ ಮೂವರ ದೃಷ್ಟಿಗಳು ಅಲ್ಲಿ ಒಂದನ್ನೊಂದು ತಿದ್ದುವಂತಿದ್ದವು.

ಇಂದಿನ ನಿಯಮಗಳು ಅಭಿರುಚಿಯನ್ನು ಹೊರದೂಡದೆ ಅದಕ್ಕೆ ಕಟ್ಟುಪಾಡು ವಿಧಿಸುತ್ತವೆ. ಸ್ಪರ್ಧಾಳುಗಳನ್ನು ತೂಕಕ್ಕೆ ಅಥವಾ ಎತ್ತರಕ್ಕೆ ಅನುಗುಣವಾಗಿ ವಿಂಗಡಿಸುತ್ತಾರೆ. ಎಲ್ಲರೂ ಒಂದೇ ಸಾಲಿನಲ್ಲಿ ನಿಂತು, ಗೊತ್ತುಪಡಿಸಿದ ಭಂಗಿಗಳನ್ನೇ ತೋರಿಸಬೇಕು. ತನ್ನ ಕೊರತೆಯನ್ನು ಮರೆಮಾಡುವ ಭಂಗಿಯನ್ನಷ್ಟೇ ಆರಿಸಿಕೊಳ್ಳಲು ಯಾರಿಗೂ ಅವಕಾಶವಿಲ್ಲ. ಬಳಿಕ ಪ್ರತಿಯೊಬ್ಬ ತೀರ್ಪುಗಾರನೂ ತನ್ನ ಎಣಿಕೆಯ ಸ್ಥಾನಗಳನ್ನು ಬರೆದುಕೊಡುತ್ತಾನೆ. ಉದಾಹರಣೆಗೆ, ಏಳು ಮಂದಿ ಒಬ್ಬನಿಗೆ 1, 2, 2, 2, 2, 3, 6 ಎಂಬ ಸ್ಥಾನಗಳನ್ನು ಕೊಟ್ಟರೆಂದು ಭಾವಿಸೋಣ. ಎರಡು ತುದಿಗಳ 1 ಮತ್ತು 6 ಬಿಟ್ಟುಹೋಗಿ, ಉಳಿದವುಗಳ ಮೊತ್ತ 11 ಆಗುತ್ತದೆ. ಮೊತ್ತ ಯಾರಿಗೆ ಕನಿಷ್ಠವೋ ಅವನೇ ವಿಜಯಿ. ಒಬ್ಬನ ಮೋಹವಾಗಲಿ ದ್ವೇಷವಾಗಲಿ ಹೀಗೆ ಬಹುಮಟ್ಟಿಗೆ ನಿಷ್ಫಲವಾಗುತ್ತದೆ.

ಆದರೆ ತೀರ್ಪುಗಾರರೆಲ್ಲರಿಗೂ ಸಮಾನವಾದ ಒಲವಿದ್ದಲ್ಲಿ ಈ ಗಣಿತವು ಅದನ್ನು ತಿದ್ದಲಾರದು. 1980ರಲ್ಲಿ ಸಿಡ್ನಿಯಲ್ಲಿ ನಡೆದ ಮಿಸ್ಟರ್ ಒಲಿಂಪಿಯಾ ಸ್ಪರ್ಧೆಯನ್ನು ಅರ್ನಾಲ್ಡ್ ಶ್ವಾರ್ಜ್‌ನೆಗರ್ ಗೆದ್ದಾಗ, ತೀರ್ಪು ಗೆದ್ದವನ ದೇಹಕ್ಕೋ ಅವನ ಕೀರ್ತಿಗೋ ಎಂಬ ವಿವಾದವೆದ್ದಿತು. ಅದು ಇಂದಿಗೂ ತಣಿದಿಲ್ಲ. ಗಾತ್ರದ ವ್ಯಾಮೋಹವೂ ಇಂತಹುದೇ ಒಲವು. 2016ರಿಂದ ಒಲಿಂಪಿಯಾದಲ್ಲಿ ಸೇರಿದ ಕ್ಲಾಸಿಕ್ ಫಿಸೀಕ್ ಎಂಬ ವಿಭಾಗದಲ್ಲಿ ಎತ್ತರಕ್ಕೆ ತಕ್ಕಂತೆ ತೂಕದ ಮಿತಿಯನ್ನು ನಿಗದಿಪಡಿಸಲಾಗಿದೆ. ಪ್ರಮಾಣಬದ್ಧತೆಯ ಮೇಲಣ ಅಭಿರುಚಿಯೇ ಅಲ್ಲಿ ಅಂಕೆಯ ರೂಪ ತಾಳಿದೆ.

ಹಾಗಾದರೆ ಅಭಿರುಚಿಯೆಂಬುದು ದೋಷವೇ? ಅಲ್ಲ, ಸಂಸ್ಕಾರವಿಲ್ಲದ ಅಭಿರುಚಿಯೇ ದೋಷ. ಬೆಂಗಳೂರಿನಲ್ಲಿ ವ್ಯಾಯಾಮಶಾಲೆಯನ್ನು ನಡೆಸಿದ ಪ್ರೊ. ಕೆ. ವಿ. ಅಯ್ಯರ್ ಅವರು ‘ರೂಪದರ್ಶಿ’, ‘ಶಾಂತಲಾ’ ಕಾದಂಬರಿಗಳ ಕರ್ತೃಗಳೂ ಆಗಿದ್ದರು. ದೇಹವನ್ನು ಪಳಗಿಸುವ ವಿದ್ಯೆಯೂ ರೂಪವನ್ನು ಗ್ರಹಿಸುವ ರಸಜ್ಞತೆಯೂ ಒಬ್ಬರಲ್ಲಿಯೇ ನೆಲಸಬಹುದೆಂಬುದಕ್ಕೆ ಅವರೇ ನಿದರ್ಶನ. ಸಾವಿರ ಪದ್ಯಗಳನ್ನು ಓದಿದವನ ಕಿವಿಗೆ ಛಂದೋಭಂಗ ಥಟ್ಟನೆ ತಿಳಿಯುವಂತೆ, ಹಲವು ದೇಹಗಳನ್ನು ಪರೀಕ್ಷಿಸಿದವನ ಕಣ್ಣಿಗೆ ಅಂಗಗಳ ಅಸಮತೆ ಗೋಚರಿಸುತ್ತದೆ.

ಶಾಲಾ ಕಾಲೇಜುಗಳ ಸ್ಪರ್ಧೆಗಳಿಗೂ ಇದರಿಂದ ಪಾಠವುಂಟು. ಮಾನದಂಡಗಳನ್ನು ಮುಂಚಿತವಾಗಿ ಸಾರಬೇಕು. ಸ್ವಂತ ಶಿಷ್ಯರು ಕಣದಲ್ಲಿರುವಾಗ ಗುರುವು ತೀರ್ಪುಗಾರನ ಪೀಠವನ್ನು ಏರಬಾರದು. ಒಬ್ಬರ ಅಂಕಗಳನ್ನು ಮತ್ತೊಬ್ಬರು ನೋಡದೆ ಬರೆಯಬೇಕು. ಸೋತವನು ಕಾರಣ ಕೇಳಿದಲ್ಲಿ ಅವನ ದೇಹದ ಯಾವ ಭಾಗ ಇನ್ನೂ ಪುಷ್ಟಿಗೊಳ್ಳಬೇಕೆಂದು ವಿವರಿಸಬೇಕು. ಹಾಗೆ ವಿವರಿಸಬಲ್ಲ ತೀರ್ಪನ್ನು, ಅದು ಮನುಷ್ಯನ ಕಣ್ಣಿನದೇ ಆದರೂ, ನ್ಯಾಯವಾದುದೆಂದು ಸೋತವನೂ ಒಪ್ಪಿಯಾನು.