ಕುಣಿಯುವ ಪುಟ್ಟಿ, ಮಬ್ಬು ಬೆಳಕು: ಫೋಟೊ ಕೆಡದಿರಲಿ!

ಮಗಳ ಸ್ಕೂಲ್ ಡೇ. ಒಂದು ತಿಂಗಳಿಂದ ಮನೆಯಲ್ಲಿ ಅದೇ ಹಾಡು, ಅದೇ ಕುಣಿತ. ಬಾಡಿಗೆ ಡ್ರೆಸ್ಸು, ಜಡೆಬಿಲ್ಲೆ, ಮೊಳಗಟ್ಟಲೆ ಮಲ್ಲಿಗೆ ಎಲ್ಲಾ ಆಯ್ತು. ಪರದೆ ಸರಿದು ಪುಟ್ಟಿ ವೇದಿಕೆಗೆ ಬಂದದ್ದೇ ತಡ, ನೀವು ಪಟಪಟನೆ ಐವತ್ತು ಫೋಟೊ ತೆಗೆದಿರಿ. ಮನೆಗೆ ಬಂದು ಅತ್ತೆಗೆ ತೋರಿಸೋಣ ಅಂತ ನೋಡಿದರೆ, ಅಯ್ಯೋ! ಲಂಗ ಇದೆ, ಮುಖವೇ ಇಲ್ಲ. ಎಲ್ಲಾ ಮಸುಕು ಮಸುಕು. ‘ನೀನು ಕೈ ಅಲ್ಲಾಡಿಸಿರ್ತೀಯ ಬಿಡು’ ಅಂತ ಯಜಮಾನರ ತೀರ್ಪು ಬೇರೆ!

ಬೇಜಾರು ಮಾಡ್ಕೋಬೇಡಿ. ತಪ್ಪು ಬಹುತೇಕ ನಿಮ್ಮ ಕೈಯದ್ದಲ್ಲ, ಬೆಳಕಿನದ್ದು.

ಮಸುಕಾಗುವುದೇಕೆ?

ಫೋಟೊ ತೆಗೆಯುವಾಗ ಕ್ಯಾಮೆರಾ ಒಂದು ಕ್ಷಣ ‘ಕಣ್ಣು ತೆರೆದು’ ಬೆಳಕನ್ನು ಒಳಗೆ ತೆಗೆದುಕೊಳ್ಳುತ್ತದೆ. ಇದೇ ಶಟರ್ ಸ್ಪೀಡ್. ಬಿಸಿಲಿನಲ್ಲಿ ಒಂದು ಸೆಕೆಂಡಿನ ಸಾವಿರದ ಒಂದು ಭಾಗ ಸಾಕು. ಮಬ್ಬು ಬೆಳಕಿನ ಹಾಲ್‌ನಲ್ಲಿ 1/15 ಸೆಕೆಂಡು ತೆರೆದಿರಬೇಕಾಗಬಹುದು. ಅಷ್ಟರಲ್ಲಿ ಸೆಕೆಂಡಿಗೆ ಎರಡು ಮೀಟರ್ ವೇಗದಲ್ಲಿ ಬೀಸುವ ಪುಟಾಣಿ ಕೈ ಐದು ಇಂಚು ಸರಿದಿರುತ್ತದೆ! ಫೋನಿನಲ್ಲಿರುವ ಸ್ಟೆಬಿಲೈಸೇಷನ್ ನಿಮ್ಮ ಕೈನಡುಕವನ್ನು ಸರಿಪಡಿಸುತ್ತದೆಯೇ ಹೊರತು ಮಗುವಿನ ಓಟವನ್ನಲ್ಲ.

ಸುಮಾರಾಗಿ ಇಷ್ಟು ನೆನಪಿಟ್ಟುಕೊಳ್ಳಿ: ಸುಮ್ಮನೆ ಕುಳಿತ ಮಗುವಿಗೆ 1/125, ಆಡುವ ಮಗುವಿಗೆ 1/250, ಓಡುವ, ಜಿಗಿಯುವ, ಕುಣಿಯುವ ಮಗುವಿಗೆ 1/500.

ಕ್ಯಾಮೆರಾ ಇದ್ದರೆ

* ಡಯಲ್ಲನ್ನು ‘ಎಸ್’ ಅಥವಾ ‘ಟಿವಿ’ಗೆ ತಿರುಗಿಸಿ, ಮೇಲೆ ಹೇಳಿದ ಸ್ಪೀಡ್ ಇಡಿ. ಐಎಸ್‌ಒ ಆಟೊದಲ್ಲಿರಲಿ.

* ಐಎಸ್‌ಒ ಏರಿಸಲು ಹೆದರಬೇಡಿ. 400ರಲ್ಲಿ 1/30 ಬರುವ ಜಾಗದಲ್ಲಿ 3200ಕ್ಕೆ ಏರಿಸಿದರೆ ಸುಮಾರು 1/250 ಸಿಗುತ್ತದೆ. ಚಿತ್ರದಲ್ಲಿ ರವೆ ಚೆಲ್ಲಿದಂತೆ ಚುಕ್ಕೆ ಕಾಣಬಹುದು, ಕಾಣಲಿ ಬಿಡಿ. ರವೆ ಚೆಲ್ಲಿದ ನಗುಮುಖ ಆಲ್ಬಮ್ಮಿಗೆ ಹೋಗುತ್ತದೆ, ಮಸುಕಾದದ್ದು ಹೋಗೋದಿಲ್ಲ.

* ಕ್ಯಾಮೆರಾ ಜೊತೆಗೇ ಬರುವ ಝೂಮ್ ಲೆನ್ಸನ್ನು ಪೂರ್ತಿ ಎಳೆದಾಗ ಸಾಮಾನ್ಯವಾಗಿ ಎಫ್/5.6ಕ್ಕೆ ಬಂದು ನಿಲ್ಲುತ್ತದೆ. 50 ಎಂ.ಎಂ. ಎಫ್/1.8 ಲೆನ್ಸ್ ಅದಕ್ಕಿಂತ ಒಂಬತ್ತು ಪಟ್ಟಿಗೂ ಹೆಚ್ಚು ಬೆಳಕು ಬಿಟ್ಟುಕೊಳ್ಳುತ್ತದೆ. ಕೊಳ್ಳುವುದಾದರೆ ಮೊದಲು ಇದನ್ನೇ ನೋಡಿ.

ಫೋನ್ ಮಾತ್ರ ಇದ್ದರೆ

* ಲೆನ್ಸ್ ಮೇಲಿನ ಎಣ್ಣೆ, ಹಿಟ್ಟಿನ ಬೆರಳಚ್ಚನ್ನು ಮೆತ್ತನೆಯ ಬಟ್ಟೆಯಿಂದ ಒರೆಸಿ. ಅಡುಗೆಮನೆಯಿಂದಲೇ ಬಂದ ಫೋನ್ ಅಲ್ವೇ!

* ನೈಟ್ ಮೋಡ್ ಆಫ್ ಮಾಡಿ. ಅದು ಹೆಚ್ಚು ಹೊತ್ತು ಬೆಳಕು ಹೀರಿ, ಹಲವು ಚಿತ್ರ ಸೇರಿಸಿ ಒಂದು ಮಾಡುತ್ತದೆ. ದೇವಸ್ಥಾನದ ಗೋಪುರಕ್ಕೆ ಚೆಂದ, ಓಡುವ ಮಗುವಿಗಲ್ಲ.

* ಬೆರಳಿನಿಂದ ಹಿಗ್ಗಿಸಿ ಝೂಮ್ ಮಾಡುವ ಬದಲು ನೀವೇ ಮುಂದಿನ ಸಾಲಿನಲ್ಲಿ ಜಾಗ ಹಿಡಿಯಿರಿ.

* ಫ್ಲ್ಯಾಶ್ ಬೇಡ. ಅದರ ಬೆಳಕು ವೇದಿಕೆಯನ್ನು ಮುಟ್ಟುವುದಿಲ್ಲ. ಬೆಳಗುವುದು ಮುಂದೆ ಕೂತವರ ತಲೆಗಳನ್ನು ಮಾತ್ರ.

* ಹಿಂದಿನ ಕಪ್ಪು ಪರದೆಗೆ ಮೋಸಹೋಗಿ ಫೋನ್ ಮುಖವನ್ನು ಸುಣ್ಣ ಬಳಿದಂತೆ ಮಾಡಿಬಿಡುತ್ತದೆ. ತೆರೆಯ ಮೇಲೆ ಮುಖವನ್ನು ಮುಟ್ಟಿ, ಪಕ್ಕದಲ್ಲಿ ಬರುವ ಬೆಳಕಿನ ಗುರುತನ್ನು ಸ್ವಲ್ಪ ಕೆಳಕ್ಕೆ ಎಳೆಯಿರಿ.

ಅಮ್ಮನಿಗಷ್ಟೇ ಗೊತ್ತಿರುವ ಗುಟ್ಟು

ದುಬಾರಿ ಕ್ಯಾಮೆರಾ ಹಿಡಿದ ಫೋಟೊಗ್ರಾಫರಿಗೆ ಗೊತ್ತಿಲ್ಲದ್ದು ನಿಮಗೆ ಗೊತ್ತು. ಆ ಹಾಡನ್ನು ನೂರು ಸಲ ಕೇಳಿದ್ದೀರಿ. ಪುಟ್ಟಿ ಎಲ್ಲಿ ತಿರುಗುತ್ತಾಳೆ, ಎಲ್ಲಿ ನಿಲ್ಲುತ್ತಾಳೆ ಎಂಬುದು ಬಾಯಿಪಾಠ. ಎಷ್ಟೇ ವೇಗದ ಕುಣಿತದಲ್ಲೂ ಒಂದು ನಿಲುವು ಇರುತ್ತದೆ. ಭರತನಾಟ್ಯದಲ್ಲಿ ತೀರ್ಮಾನ ಮುಗಿದು ಭಂಗಿ ನಿಲ್ಲುವ ಗಳಿಗೆ, ಜಿಗಿದವಳು ಮೇಲಿನ ತುದಿ ಮುಟ್ಟಿ ಇಳಿಯುವ ಮೊದಲಿನ ಗಳಿಗೆ, ಉಯ್ಯಾಲೆ ತುದಿಗೆ ಹೋಗಿ ಹಿಂದಿರುಗುವ ಗಳಿಗೆ. ಆಗ ಚಲನೆ ಕ್ಷಣಮಾತ್ರ ನಿಂತೇ ಹೋಗುತ್ತದೆ. ಕಡಿಮೆ ಸ್ಪೀಡಿನಲ್ಲೂ ಚಿತ್ರ ಚೊಕ್ಕವಾಗಿ ಬರುತ್ತದೆ. ಅದಕ್ಕೆ ಅರೆಕ್ಷಣ ಮುಂಚೆಯೇ ಒತ್ತಲು ಶುರು ಮಾಡಿ, ಸಾಲಾಗಿ ಏಳೆಂಟು ತೆಗೆಯಿರಿ. ಒಂದಾದರೂ ದಕ್ಕುತ್ತದೆ.

ಮನೆಯಲ್ಲಿ

ಮಗುವಿನ ಆಟದ ಸಾಮಾನನ್ನು ಕಿಟಕಿ ಪಕ್ಕಕ್ಕೆ ಸರಿಸಿ, ಪರದೆ ತೆರೆಯಿರಿ. ಮಗು ತಾನಾಗಿಯೇ ಬೆಳಕಿಗೆ ಬರುತ್ತದೆ. ‘ಇಲ್ಲಿ ನೋಡು, ಸ್ಮೈಲ್ ಮಾಡು’ ಅಂತ ಗದರುವ ಅಗತ್ಯವೇ ಇಲ್ಲ. ಬರ್ತ್‌ಡೇ ಕೇಕ್ ಕತ್ತರಿಸುವಾಗ ಲೈಟೆಲ್ಲಾ ಆರಿಸಬೇಡಿ, ಒಂದಾದರೂ ಉರಿಯಲಿ. ಊದಲು ಕೆನ್ನೆ ಉಬ್ಬಿಸಿದಾಗ ಮಗು ಅಲುಗಾಡುವುದು ಕಡಿಮೆ, ಆಗ ಕ್ಲಿಕ್ಕಿಸಿ. ಎಲ್‌ಇಡಿ ದೀಪದಡಿ ಚಿತ್ರದಲ್ಲಿ ಪಟ್ಟೆ ಪಟ್ಟೆ ಬಂದರೆ ಸ್ಪೀಡನ್ನು 1/100ಕ್ಕೆ ಇಳಿಸಿ ನೋಡಿ. ನಮ್ಮ ಕರೆಂಟು 50 ಹರ್ಟ್ಸ್ ಆದ್ದರಿಂದ ಅಂಥ ದೀಪಗಳು ಸೆಕೆಂಡಿಗೆ ನೂರು ಸಲ ಮಿನುಗುತ್ತಿರುತ್ತವೆ.

ದೀಪಾವಳಿಯ ಸುರುಸುರುಬತ್ತಿ ಹಿಡಿದ ಮಗುವಿನ ಪಕ್ಕದಲ್ಲಿ ದೊಡ್ಡವರು ಇರಲೇಬೇಕು. ಅವರು ಫೋಟೊ ತೆಗೆಯುವವರಾಗಿರಬಾರದು! ಒಂದು ಕಣ್ಣು ತೆರೆಯ ಮೇಲೆ, ಇನ್ನೊಂದು ಬೆಂಕಿಯ ಮೇಲೆ ಇಡೋಕಾಗಲ್ಲ.

ಕೊನೆಗೊಂದು ಮಾತು

ವೇದಿಕೆಗೆ ಬಂದ ಮಗು ಮೊದಲು ಹುಡುಕುವುದು ಅಮ್ಮನ ಮುಖವನ್ನು. ಅಲ್ಲಿ ಫೋನಿನ ಬೆನ್ನು ಮಾತ್ರ ಕಂಡರೆ? ನಿಮಗೆ ಬೇಕಾದ ಎರಡು ಮೂರು ನಿಲುವುಗಳನ್ನು ಮೊದಲೇ ಗೊತ್ತು ಮಾಡಿಕೊಳ್ಳಿ. ಅಷ್ಟು ತೆಗೆದು ಫೋನನ್ನು ಬ್ಯಾಗಿಗೆ ಹಾಕಿ, ಕಣ್ತುಂಬ ನೋಡಿ, ಜೋರಾಗಿ ಚಪ್ಪಾಳೆ ತಟ್ಟಿ. ಪುಟ್ಟಿಗೆ ನೆನಪಿರುವುದು ಅದೇ.