ಗೆರೆ ಮುಗಿದಲ್ಲಿ ಮಬ್ಬು: ಎಚಿಂಗ್ ನಗರಚಿತ್ರವನ್ನು ನೋಡುವ ಬಗೆ

ಬೆಂಗಳೂರಿನ ಪೀಣ್ಯದಂತಹ ಕೈಗಾರಿಕಾ ಪ್ರದೇಶದಲ್ಲಿ ಎಚಿಂಗ್ ಎಂದರೆ ನಾಮಫಲಕ ಅಥವಾ ಸರ್ಕ್ಯೂಟ್ ಬೋರ್ಡ್ ತಯಾರಿಸುವ ಕೆಲಸ: ಉಳಿಯಬೇಕಾದ ಲೋಹಕ್ಕೆ ರಕ್ಷಕ ಲೇಪ ಕೊಟ್ಟು, ಬೇಡವಾದುದನ್ನು ಫೆರಿಕ್ ಕ್ಲೋರೈಡ್ ದ್ರಾವಣ ತಿಂದುಹಾಕುವಂತೆ ಬಿಡಲಾಗುತ್ತದೆ. ದ್ರಾವಣ ಲೇಪದ ಅಂಚಿನಡಿ ನುಸುಳಿ ಗೆರೆ ಒರಟಾದರೆ ಆ ಮಾಲು ರಿಜೆಕ್ಟ್. ಮುದ್ರಣಕಲಾವಿದರು ತಾಮ್ರದ ತಗಡಿನ ಮೇಲೆ ಇದೇ ರಸಾಯನವನ್ನು ಬಳಸಿದರೂ ಅವರಿಗೆ ಆ ಒರಟುತನ ಬಹಳ ಸಲ ಬೇಕಾದದ್ದೇ, ಏಕೆಂದರೆ ಹಳೆಯ ಗೋಡೆಯನ್ನಾಗಲಿ ತುಕ್ಕು ಹಿಡಿದ ಶೀಟನ್ನಾಗಲಿ ನುಣುಪಾದ ಗೆರೆ ಹೇಳಲಾರದು.

ಮೇಣ ಬಳಿದ ತಗಡನ್ನು ಸೂಜಿಯಿಂದ ಗೀಚಿದಲ್ಲಿ ಮಾತ್ರ ತಾಮ್ರ ಬಯಲಾಗಿ ಕೊರೆತಕ್ಕೆ ಸಿಗುತ್ತದೆ. ಹೆಚ್ಚು ಹೊತ್ತು ಕೊರೆದ ಗೆರೆ ಹೆಚ್ಚು ಶಾಯಿ ಹಿಡಿದು, ಒದ್ದೆ ಕಾಗದದ ಮೇಲೆ ದಟ್ಟವಾಗಿ ಮೂಡುತ್ತದೆ. ದೂರದ ಕಟ್ಟಡಗಳ ಗೆರೆಗಳನ್ನು ಬೇಗನೆ ವಾರ್ನಿಶ್‌ನಿಂದ ಮುಚ್ಚಿ, ಸಮೀಪದವನ್ನು ಮತ್ತೆ ಮುಳುಗಿಸುವುದರಿಂದ, ಚಿತ್ರದಲ್ಲಿ ಕಾಣುವ ದೂರವು ವಾಸ್ತವವಾಗಿ ದ್ರಾವಣದಲ್ಲಿ ಕಳೆದ ಕಾಲವೇ ಆಗಿರುತ್ತದೆ.

ಆದರೆ ಆಕಾಶಕ್ಕೆ, ಧೂಳಿಗೆ, ಹೊಗೆಗೆ ಅಂಚಿಲ್ಲ. ಅದಕ್ಕಾಗಿ ಬಂದದ್ದು ಅಕ್ವಾಟಿಂಟ್: ರಾಳದ ಪುಡಿಯನ್ನು ತಗಡಿನ ಮೇಲೆ ಉದುರಿಸಿ, ಕಾಯಿಸಿ ಅಂಟಿಸಿದಾಗ ದ್ರಾವಣವು ಕಣಗಳ ನಡುವಣ ಲೋಹವನ್ನಷ್ಟೇ ಕಚ್ಚಿ, ಗೆರೆಯಿಲ್ಲದ ಮಬ್ಬು ಛಾಯೆಯನ್ನು ಕೊಡುತ್ತದೆ. 1792ರಲ್ಲಿ ತೀರಿಕೊಂಡ ಬ್ರಿಟಿಷ್ ಸೇನಾಧಿಕಾರಿ ಜೇಮ್ಸ್ ಹಂಟರ್ ಬರೆದ ಬೆಂಗಳೂರಿನ ಕೋಟೆ, ದಿಲ್ಲಿ ಬಾಗಿಲು, ಟಿಪ್ಪುವಿನ ಅರಮನೆಗಳ ದೃಶ್ಯಗಳು ಈ ವಿಧಾನದಲ್ಲೇ ಮುದ್ರಣಗೊಂಡು, 1805ರಲ್ಲಿ ಲಂಡನ್ನಿನ ಎಡ್ವರ್ಡ್ ಓರ್ಮ್ ಪ್ರಕಟಿಸಿದ ಸಂಪುಟದಲ್ಲಿ ಸೇರಿದವು. ಗೆದ್ದವರ ಕಣ್ಣಿನಿಂದ ಕಂಡ ನಗರವಿದು ಎಂಬುದನ್ನು ಮರೆಯಬೇಕಿಲ್ಲ. ಆದರೂ ಕಲ್ಲಿನ ಕಟ್ಟಡಕ್ಕೆ ಗೆರೆ, ಬಯಲುಸೀಮೆಯ ಬೆಳಕಿಗೆ ಛಾಯೆ ಎಂಬ ಹಂಚಿಕೆಯನ್ನು ಇಲ್ಲಿ ಸ್ಪಷ್ಟವಾಗಿ ಕಲಿಯಬಹುದು.

1879ರಲ್ಲಿ ವೆನಿಸ್‌ಗೆ ಹೋದ ಕಲಾವಿದ ವಿಸ್ಲರ್ ಇನ್ನೊಂದು ದಾರಿ ಹಿಡಿದು, ತಗಡನ್ನು ಪೂರ್ತಿ ಒರೆಸದೆ ತೆಳುವಾದ ಶಾಯಿಯನ್ನು ಉಳಿಸಿ, ಕೆಲವೇ ಗೆರೆಗಳ ಸುತ್ತ ನೀರು ಮತ್ತು ಇರುಳನ್ನು ತಂದರು. ಪೀಣ್ಯವನ್ನು ಚಿತ್ರಿಸುವವರಿಗೆ ಈ ಸಂಯಮ ಹೆಚ್ಚು ಬೇಕು: ತುಮಕೂರು ರಸ್ತೆಯ ಮೇಲುಸೇತುವೆ, 2014ರಲ್ಲಿ ಸಂಚಾರ ಆರಂಭಿಸಿದ ಮೆಟ್ರೋ ಹಾದಿ, ಶೆಡ್ಡುಗಳ ಸಾಲು, ತಂತಿಗಳು ಎಲ್ಲವೂ ಗೆರೆಗಳೇ ಆಗಿರುವುದರಿಂದ, ಒಂದೊಂದು ಕೊಳವೆಯನ್ನೂ ಬಿಡದೆ ಬರೆದರೆ ಅದು ಎಂಜಿನಿಯರರ ನಕ್ಷೆಯಾದೀತೇ ಹೊರತು ಊರಾಗದು.

ಇಂತಹ ಚಿತ್ರವನ್ನು ಮೊಬೈಲ್ ಪರದೆಯಲ್ಲಿ ನೋಡಿದರೆ ಅರ್ಧ ಮಾತ್ರ ದಕ್ಕುತ್ತದೆ. ಮೂಲ ಹಾಳೆಯ ಮೇಲೆ ಓರೆಯಾಗಿ ಬೆಳಕು ಬಿದ್ದಾಗ ಗೆರೆಯ ಶಾಯಿ ಕಾಗದದಿಂದ ತುಸು ಎದ್ದಿರುವುದೂ, ತಗಡಿನ ಅಂಚು ಒತ್ತಿದ ಚೌಕಟ್ಟೂ ಕಣ್ಣಿಗೆ ಬೀಳುತ್ತವೆ.